ಕೊನೆಯ ಸಂಖ್ಯೆ ಯಾವುದು?



ಕುಂದುಕೊರತೆಗಳೇ ಇಲ್ಲದ ಸಮಾಜವೊಂದು ಈ ನೆಲದ ಮೇಲೆ ಸಾಧ್ಯವೇ? ಸಾಧ್ಯವೆಂದು ಸಾಧಿಸುವವರು ಒಂದು ಕಡೆ. ಅಂಥ ಪ್ರಯತ್ನಗಳು ನರಕದಲ್ಲಿಯೇ ಕೊನೆಗೊಳ್ಳುವುದನ್ನು ಕಾದಂಬರಿಕಾರರು ತೋರಿಸಿಕೊಟ್ಟಿರುವುದರಿಂದ ಇದ್ದುದರಲ್ಲಿಯೇ ಇದ್ದುಬಿಡುವುದು ಲೇಸೆನ್ನುವವರು ಇನ್ನೊಂದು ಕಡೆ. ಈ ಇಬ್ಬರೂ ಆ ಕೃತಿಗಳ ಮರ್ಮವನ್ನು ಅರಿತಿಲ್ಲವೆಂಬುದೇ ನಮ್ಮ ಆಕ್ಷೇಪ.

ಮೊದಲು ಪದದ ಅರ್ಥವನ್ನು ವಿಚಾರಿಸೋಣ. 'ಯುಟೋಪಿಯಾ' ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟವನು ಇಂಗ್ಲೆಂಡಿನ ಥಾಮಸ್ ಮೋರ್. 1516ರಲ್ಲಿ ಪ್ರಕಟವಾದ ಅವನ ಲ್ಯಾಟಿನ್ ಗ್ರಂಥದ ಹೆಸರೂ ಅದೇ. ಗ್ರೀಕ್ ಮೂಲದ ಈ ಶಬ್ದಕ್ಕೆ 'ಎಲ್ಲಿಯೂ ಇಲ್ಲದ ತಾಣ' ಎಂದರ್ಥ. ಅಲ್ಲಿ ಖಾಸಗಿ ಆಸ್ತಿಯಿಲ್ಲ, ದಿನಕ್ಕೆ 6 ಗಂಟೆಗಳ ದುಡಿಮೆ ಸಾಕು, ಚಿನ್ನಕ್ಕೆ ಬೆಲೆಯಿಲ್ಲ. ಕೇಳಲು ಎಷ್ಟು ಹಿತ! ಆದರೆ ಆ ಚಿನ್ನದಿಂದ ಗುಲಾಮರಿಗೆ ಸಂಕೋಲೆಗಳನ್ನು ಮಾಡಿಸುತ್ತಾರೆ. ಅಪ್ಪಣೆಯಿಲ್ಲದೆ ಸೀಮೆ ದಾಟಿದವನು ಎರಡನೆಯ ಸಲ ಸಿಕ್ಕಿಬಿದ್ದರೆ ಅವನೂ ಗುಲಾಮನೇ. ಸಮತೆಯ ನಾಡಿಗೆ ಸಂಕೋಲೆಯೇಕೆ? ತನ್ನಲ್ಲಿ ಎಲ್ಲವೂ ಸರಿಯಿದೆಯೆಂದು ಸಾರಿಕೊಂಡ ನಾಡಿಗೆ, ಅದನ್ನು ಬಿಟ್ಟುಹೋಗಬಯಸುವವನೇ ಅಪರಾಧಿಯಾಗಿ ಕಾಣುತ್ತಾನೆ.

ಜನರು ಸುಖವಾಗಿದ್ದ ಮೇಲೆ ಸಂಕೋಲೆಯ ಮಾತೇಕೆ ಎನ್ನುವವರಿದ್ದಾರೆ. ಅವರು ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಕಾದಂಬರಿಯನ್ನು ನೋಡಲಿ. ಅಲ್ಲಿ ಶಿಶುಗಳು ಬಾಟಲಿಗಳಲ್ಲಿ ಬೆಳೆಯುತ್ತವೆ. ಕೀಳು ವರ್ಗಕ್ಕೆಂದು ಗೊತ್ತುಮಾಡಿದ ಭ್ರೂಣಕ್ಕೆ ಆಮ್ಲಜನಕವನ್ನು ಕಡಿಮೆ ಮಾಡಿ ಅದರ ಬುದ್ಧಿಯನ್ನು ಕುಗ್ಗಿಸುತ್ತಾರೆ. ಮುಂದೆ ತನ್ನ ಸ್ಥಾನವನ್ನೇ ಮೆಚ್ಚುವಂತೆ ಅದನ್ನು ಪಳಗಿಸುತ್ತಾರೆ. ದುಃಖ ಸುಳಿದರೆ 'ಸೋಮ'ವೆಂಬ ಗುಳಿಗೆಯುಂಟು. ಹುಟ್ಟುವ ಮುನ್ನವೇ ಒಬ್ಬನನ್ನು ಕೀಳುಮಾಡಿ, ಆ ಕೀಳುತನದಲ್ಲಿ ಅವನು ತೃಪ್ತನೆಂದು ಹೇಳುವುದು ನ್ಯಾಯವೇ? ಅನ್ಯಾಯಕ್ಕೆ ತೃಪ್ತಿಯು ಸಾಕ್ಷಿ ಹೇಳಿದರೆ ಅದು ಧರ್ಮವಾಗದು.

ಇವೆಲ್ಲಕ್ಕೂ ಕೀಲಿಯಾದ ಪ್ರಶ್ನೆಯೊಂದು ರಷ್ಯದ ಯೆವ್ಗೆನಿ ಝಮ್ಯಾತಿನ್ 1920-21ರಲ್ಲಿ ಬರೆದ 'ನಾವು' ಕಾದಂಬರಿಯಲ್ಲಿದೆ. ಆ ರಾಜ್ಯದಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಮನೆಗಳ ಗೋಡೆಗಳು ಗಾಜಿನವು. ತಮ್ಮ ಕ್ರಾಂತಿಯೇ ಕೊನೆಯದೆಂದು ನಂಬಿದ ಗಣಿತಜ್ಞನೊಬ್ಬನನ್ನು ಒಬ್ಬ ಹೆಣ್ಣುಮಗಳು ಕೊನೆಯ ಸಂಖ್ಯೆ ಯಾವುದೆಂದು ಕೇಳುತ್ತಾಳೆ. ಅಂಥದ್ದೊಂದು ಇಲ್ಲವೆಂದು ಅವನು ಒಪ್ಪಲೇಬೇಕು. ಸಂಖ್ಯೆಗೆ ಕೊನೆಯಿಲ್ಲದಿದ್ದರೆ ಬದಲಾವಣೆಗೆ ಕೊನೆಯೆಲ್ಲಿ? ಆ ರಾಜ್ಯದ ಬಳಿ ಉತ್ತರವಿಲ್ಲ, ಶಸ್ತ್ರಚಿಕಿತ್ಸೆಯುಂಟು. ಅವನ ಕಲ್ಪನಾಶಕ್ತಿಯನ್ನೇ ಕಿತ್ತುಹಾಕಲಾಗುತ್ತದೆ. ಅದೇ ಹೆಣ್ಣನ್ನು ಹಿಂಸಿಸುವಾಗ ಅವನು ಮರುಗದೆ ನೋಡುತ್ತಾ ಕೂರುತ್ತಾನೆ. ಪರಿಪೂರ್ಣತೆಯೇನೋ ಸಿದ್ಧಿಸಿತು, ಮನುಷ್ಯನು ಮಾತ್ರ ಉಳಿಯಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಈ ಕೃತಿಯ ಪ್ರಕಟಣೆಗೆ 1988ರವರೆಗೆ ಕಾಯಬೇಕಾಯಿತು!

ಹಾಗಾದರೆ ಸುಧಾರಣೆ ವ್ಯರ್ಥವೇ? ಖಂಡಿತ ಅಲ್ಲ. ಕೊನೆಯ ಸಂಖ್ಯೆ ಇಲ್ಲವೆಂದು ಯಾರೂ ಎಣಿಸುವುದನ್ನು ಬಿಟ್ಟಿಲ್ಲ. ಇದ್ದುದಕ್ಕೆ ಇನ್ನೊಂದನ್ನು ಕೂಡಿಸಲು ಯಾವ ಅಡ್ಡಿಯೂ ಇಲ್ಲ. ಹಸಿದವನಿಗೆ ಅನ್ನ, ದುಡಿದವನಿಗೆ ಕೂಲಿ, ನೊಂದವನಿಗೆ ನ್ಯಾಯ ದೊರಕಿಸಲು ಪರಿಪೂರ್ಣ ಸಮಾಜದ ನಕ್ಷೆ ಬೇಕಿಲ್ಲ. 'ಇನ್ನು ಮುಗಿಯಿತು, ಪ್ರಶ್ನಿಸಬೇಡಿ' ಎಂಬ ಅಹಂಕಾರ ಎಷ್ಟು ಅಪಾಯಕರವೋ 'ಏನೂ ಆಗದು, ಸುಮ್ಮನಿರಿ' ಎಂಬ ಆಲಸ್ಯವೂ ಅಷ್ಟೇ ಅಪಾಯಕರ. ಎರಡೂ ಬಾಯಿ ಮುಚ್ಚಿಸುವ ಮಾತುಗಳೇ.

'ಇದು ಸರಿಯಲ್ಲ' ಎಂದವನು ನಿರ್ಭಯವಾಗಿ ಬಾಳಬಲ್ಲನೇ? ಸಮಾಜವನ್ನು ಅಳೆಯಲು ಈ ಒಂದು ಒರೆಗಲ್ಲು ಸಾಕು. ಅಂಥವನ ಮಾತಿಗೆ ಕಿವಿಗೊಡುವುದು ಅವನಿಗೆ ಮಾಡುವ ಉಪಕಾರವಲ್ಲ, ನಮ್ಮ ಮನುಷ್ಯತ್ವವನ್ನು ನಾವೇ ಕಾಪಾಡಿಕೊಳ್ಳುವ ಬಗೆ.