ಗೋಡೆಗೆ ಅಂಗೈ ಇಟ್ಟು ನೋಡಿ

ರಾಮದುರ್ಗದ ನೇಕಾರರ ಓಣಿಯಲ್ಲಿ ಕಿಟಕಿ ಮುಚ್ಚಿ ಮಲಗಿದರೂ ನಾಗಂದಿಗೆಯ ಮೇಲಿನ ತಾಟುಗಳು ಸಣ್ಣಗೆ ನಡುಗುತ್ತವೆ. ವಿದ್ಯುತ್ ಮಗ್ಗದ ಖಟಪಟ ಕಿಟಕಿಯ ಆಚೆಗೇ ತಗ್ಗುತ್ತದೆ. ಅದರ ಗುದ್ದು ಮಾತ್ರ ನೆಲ ಹಿಡಿದು ಒಳಗೆ ಬರುತ್ತದೆ. ಬೈಲಹೊಂಗಲ, ಕಿತ್ತೂರಿನ ಮದುವೆ ಮೆರವಣಿಗೆಯಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರಿನಲ್ಲಿ ಡಿಜೆ ಹಚ್ಚಿದಾಗ ಎದೆಗೆ ಬಡಿಯುವುದೂ ಇದೇ ಜಾತಿಯ ಸದ್ದು.

ಮಗ್ಗ ನಡೆದರೆ ಮಾತ್ರ ಒಲೆ ಉರಿಯುವ ಮನೆಗಳು ನಮ್ಮಲ್ಲಿವೆ. ಅದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಗುದ್ದನ್ನು ಹುಟ್ಟಿದ ಕೋಣೆಯಲ್ಲೇ ಹಿಡಿದಿಡೋಣ, ಇಷ್ಟೇ ನನ್ನ ಮನವಿ. ಹೊರಬಿದ್ದ ಮೇಲೆ ನೆರೆಯವರು ಏನು ಮಾಡಿದರೂ ಅದನ್ನು ತಡೆಯುವುದು ಕಷ್ಟ.

ಇಂಥ ಗುದ್ದು ತಗ್ಗು ಕಂಪನಾಂಕದ ಸದ್ದು; ಉದಾಹರಣೆಗೆ 50 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಎರಡಂಗುಲದ ಥರ್ಮಕೋಲ್, ಸ್ಪಂಜು, ಮೊಟ್ಟೆ ಟ್ರೇಗಳಿಗೆ ಅದು ಜಗ್ಗುವುದಿಲ್ಲ. ದಯವಿಟ್ಟು ಅವಕ್ಕೆ ದುಡ್ಡು ಹಾಕಬೇಡಿ. ತಗಡಿನ ಶೆಡ್ಡಂತೂ ಹಲಗೆಯ ಚರ್ಮದಂತೆ ತಾನೇ ಮಿಡಿಯುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಭಾರ. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆಯೊಳಗೆ ಮಲಗಿದವರಿಗೆ ಈ ಮಾತು ಹೊಸದಲ್ಲ.

ಮಗ್ಗದ ಮಾಲೀಕರೇ, ಮೊದಲು ಮಗ್ಗದ ಕಾಲಡಿ ನೋಡಿ. ಅದರ ತೂಕಕ್ಕೆ ತಕ್ಕ ರಬ್ಬರ್ ಪ್ಯಾಡ್ ಹಾಕಿಸಿ. ಸಡಿಲವಾದ ಬೋಲ್ಟು ಬಿಗಿಸಿ. ಪಕ್ಕದ ಮನೆಗೆ ತಾಗಿದ ಗೋಡೆಯಿಂದ ಮಗ್ಗವನ್ನು ದೂರ ಸರಿಸಿ. ಹೊಸದಾಗಿ ಕಟ್ಟುವವರು ಮಗ್ಗದ ಕಾಂಕ್ರೀಟ್ ಕಟ್ಟೆಯನ್ನು ಗೋಡೆಯ ಬುನಾದಿಗೆ ಕೂಡಿಸಬೇಡಿ. ಅನುಕೂಲ ಇದ್ದವರು ಒಳಗೆ ಇನ್ನೊಂದು ಗೋಡೆ ಎಬ್ಬಿಸಿ, ನಡುವಿನ ಸಂದಿಗೆ ರಾಕ್‌ವೂಲ್ (ಕಲ್ಲಿನ ನಾರು) ತುಂಬಿಸಬಹುದು. ಕೈಗೆ ಸಿಗುತ್ತದೆಂದು ಹತ್ತಿಯ ಕಸ ತುಂಬಬೇಡಿ, ಬೆಂಕಿಯ ಭಯವಿದೆ. ಬಾಗಿಲ ಸಂದಿ ಮುಚ್ಚಿದರೂ ಗಾಳಿಗೆ ದಾರಿ ಇರಲಿ. ಒಳಗೆ ದುಡಿಯುವವರ ಕಿವಿಯನ್ನು ಮರೆಯಬೇಡಿ. ಸದ್ದನ್ನು ಕೋಣೆಯಲ್ಲಿ ಕಟ್ಟಿಹಾಕಿದಾಗ ಅದರ ಹೊರೆ ಮೊದಲು ಬೀಳುವುದು ಅವರ ಮೇಲೆ. ಇಯರ್‌ಪ್ಲಗ್ ಕೊಡಿಸಿ, ಹಾಕಿಕೊಳ್ಳಲು ಹೇಳಿ.

ಮದುವೆ ಮನೆಯ ಹಿರಿಯರೇ, ಬೀದಿಗೆ ಗೋಡೆಯಿಲ್ಲ. ಬೇಸ್ ಬಾಕ್ಸುಗಳನ್ನು ಕಡಿಮೆ ಮಾಡಿಸುವುದು ನಿಮ್ಮ ಒಂದು ಮಾತಿನಿಂದ ಆಗುವ ಕೆಲಸ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ಆದರೆ ಈ ಅಳತೆ ನಮ್ಮ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದು. 50 ಹರ್ಟ್ಸ್ ಸದ್ದಿನಲ್ಲಿ ಸುಮಾರು 30 ಡೆಸಿಬಲ್ ಕಳೆದೇ ಲೆಕ್ಕ ಹಿಡಿಯುತ್ತದೆ. ಯಂತ್ರದ ಅಂಕಿ ಮಿತಿಯೊಳಗಿದ್ದರೂ ತಾಟು ನಡುಗುತ್ತಿರಬಹುದು. ಹಾಗಾಗಿಯೇ ನಾನು ಕಾನೂನಿಗಿಂತ ಹೆಚ್ಚಾಗಿ ನಿಮ್ಮನ್ನು ನಂಬಿದ್ದೇನೆ.

ಇಂದು ರಾತ್ರಿ ಮಗ್ಗ ನಡೆಯುತ್ತಿರುವಾಗಲೇ ಪಕ್ಕದ ಮನೆಗೆ ಹೋಗಿ ಬನ್ನಿ. ಅವರು ಮಲಗುವ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿ. ನಡುಕ ಎಲ್ಲಿ ಹೆಚ್ಚು ಸಿಗುತ್ತದೋ, ಅದಕ್ಕೆ ಸಮೀಪದ ಮಗ್ಗದಿಂದ ಕೆಲಸ ಶುರು ಮಾಡಿ.