ಒಕ್ಕಲಾದವರು ಯಾರು?

ಬೆಂಗಳೂರು ದಂಡಿನ ಪ್ರದೇಶದಲ್ಲಿ ಲ್ಯಾವೆಲ್ಲೆ ರಸ್ತೆ ಎಂಬುದೊಂದುಂಟು. ಅದು ಯಾರ ಹೆಸರೆಂದು ಕೇಳಿದರೆ, ಅಲ್ಲಿ ದಿನವೂ ಓಡಾಡುವವರಲ್ಲಿಯೂ ಬಹುಮಂದಿ ಸುಮ್ಮನೆ ಮುಖ ನೋಡುವರು. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಐರಿಷ್ ಸೈನಿಕ. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಮೇಲೆ ನಡೆದ ಯುದ್ಧಗಳಲ್ಲಿ ಹೋರಾಡಿ, ಸೈನ್ಯದಿಂದ ನಿವೃತ್ತನಾಗಿ, ನಮ್ಮ ದಂಡಿನಲ್ಲಿ ಬಂದು ನೆಲೆಸಿದವನು. ಕೋಲಾರದ ಚಿನ್ನದ ಗಣಿಗೆ ನಾಂದಿ ಹಾಡಿದವನು ಈತನೆಂದು ಚರಿತ್ರೆ ಹೇಳುತ್ತದೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಮಾತು ಅರ್ಧದಲ್ಲಿ ಕಡಿದಂತಾಗುವುದು.

ಲ್ಯಾವೆಲ್ಲೆಯ ಕಣ್ಣು ತೆರೆಸಿದ್ದು ಇನ್ನೊಬ್ಬ ಸೈನಿಕನ ಬರಹ. ಫ್ರೆಂಚ್ ಮನೆತನದವನಾದ ಜಾನ್ ವಾರೆನ್, ಇಂಗ್ಲಿಷರ 33ನೆಯ ಪದಾತಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದು, ಟಿಪ್ಪುವಿನ ಪತನಾನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದನು. 1802ರಲ್ಲಿ ಆ ಸೀಮೆಯ ಹಳ್ಳಿಗರು ಎತ್ತಿನ ಗಾಡಿಗಳಲ್ಲಿ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು, ಹೊನ್ನಿನ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿಯಂತೂ ಗಂಡಸರು ನೆಲದೊಳಗಿಳಿದು ಕಲ್ಲು ಕೀಳುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿದ್ದುವು. ಹೆಂಗಸರು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ಇದನ್ನು ಕಂಡು ಬರೆದವನು ವಾರೆನ್ನನೇ. ಎಂದ ಮೇಲೆ ಆ ಚಿನ್ನವನ್ನು 'ಕಂಡುಹಿಡಿದವರು' ಯಾರು ಎಂಬ ಪ್ರಶ್ನೆಗೆ ಉತ್ತರ ಅವನ ಬರಹದಲ್ಲಿಯೇ ಇದೆಯಲ್ಲವೆ?

ವಾರೆನ್ ಮುಂದೆ ಮದರಾಸಿನ ವೇಧಶಾಲೆಯನ್ನು ಕೆಲವು ವರ್ಷ ನೋಡಿಕೊಂಡನು. ನಮ್ಮ ಪಂಚಾಂಗಗಣಿತದ ಮೇಲೆ 'ಕಾಲಸಂಕಲಿತ'ವೆಂಬ ಗ್ರಂಥವನ್ನು 1825ರಲ್ಲಿ ಹೊರತಂದನು. 1830ರಲ್ಲಿ ಪುದುಚೇರಿಯಲ್ಲಿ ಮಡಿದನು. ಅವನ ಮಗ ಎದುವಾರ್ ಇಂಗ್ಲಿಷರ ಆಳ್ವಿಕೆಯ ಇಂಡಿಯಾವನ್ನು ಕುರಿತು ಫ್ರೆಂಚಿನಲ್ಲಿ ಗ್ರಂಥ ಬರೆದನು. ಹೀಗೆ ಲೇಖನಿ ಹಿಡಿದ ಕುಟುಂಬಕ್ಕೆ ಚರಿತ್ರೆಯಲ್ಲಿ ಸ್ಥಾನ ಸುಲಭವಾಗಿ ದೊರೆಯುತ್ತದೆ.

ಲ್ಯಾವೆಲ್ಲೆ ವಾರೆನ್ನನ ವರದಿಯನ್ನೋದಿ, ಕೋಲಾರಕ್ಕೆ ಗಾಡಿ ಹೂಡಿಸಿಕೊಂಡು ಹೋಗಿ ನೆಲವನ್ನು ಪರೀಕ್ಷಿಸಿದನು. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದನು. 1875ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ಕೈಗೆ ಬಂತು. ಉರಿಗಾಮಿನ ಬಳಿ ಬಾವಿಯೊಂದನ್ನು ತೋಡಿಸಿದನು. ಇದಕ್ಕೆ ತನ್ನ ಗಂಟು ಸಾಲದೆಂದು ಬೇಗನೆ ಮನಗಂಡು, ಹಕ್ಕನ್ನೆಲ್ಲ ಮೇಜರ್ ಜನರಲ್ ಬೆರೆಸ್‌ಫರ್ಡನಿಗೆ ವಹಿಸಿಕೊಟ್ಟನು. ಆತನ ಸಾಹಸವನ್ನು ನಾನು ಹಗುರಮಾಡುವವನಲ್ಲ. ಎಪ್ಪತ್ತು ವರ್ಷ ಕಡತದಲ್ಲಿ ಮಲಗಿದ್ದ ವರದಿಯನ್ನು ನಂಬಿ ಹೊರಡುವುದಕ್ಕೂ ಒಂದು ಎದೆ ಬೇಕು. ಆದರೂ ಗುತ್ತಿಗೆ ಆತನ ಕೈಯಲ್ಲಿದ್ದುದು ಅಲ್ಪಕಾಲ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದು, ಕ್ಯಾಪ್ಟನ್ ಪ್ಲಮ್ಮರ್ ಚಾಂಪಿಯನ್ ಪದರವನ್ನು ಮುಟ್ಟಿದ ಮೇಲೆಯೇ ಗಣಿ ಗಣಿಯಾದುದು.

ನಮ್ಮ ನುಡಿಯಲ್ಲಿ 'ಒಕ್ಕಲಾಗುವುದು' ಎಂಬ ಮಾತುಂಟು. ಬಂದು ಇಳಿದವರೆಲ್ಲ ಒಕ್ಕಲಲ್ಲ. ಒಲೆ ಹೂಡಿ, ಮಕ್ಕಳನ್ನು ಹೆತ್ತು, ಹೆಣಗಳನ್ನು ಅದೇ ಮಣ್ಣಿಗೆ ಕೊಟ್ಟವರು ಒಕ್ಕಲು. ಈ ಅಳತೆಯಿಂದ ನೋಡಿದರೆ ಚಿನ್ನದ ಸೀಮೆಯಲ್ಲಿ ಒಕ್ಕಲಾದವರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸೇಲಂನಿಂದ ಬಂದ ಕೂಲಿಯ ಸಂಸಾರಗಳು. ತಟ್ಟಿಯ ಗುಡಿಸಲುಗಳಲ್ಲಿ ಅವರು ತಲೆಮಾರುಗಳನ್ನು ಕಳೆದರು. ಮೂರು ಸಾವಿರ ಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದರು. ಬಂಡೆ ಸಿಡಿದು ಕೆಲವರು ಸತ್ತರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ತುಂಬಿ ಮತ್ತೆ ಕೆಲವರು, ಮೆಲ್ಲನೆ, ಮನೆಯ ಜಗಲಿಯ ಮೇಲೆ ಸತ್ತರು. ಬೆರಳಚ್ಚು ಕೊಡಬೇಕೆಂದಾಗ 1930ರಲ್ಲಿ ಕೆಲಸ ನಿಲ್ಲಿಸಿ ಎದುರು ನಿಂತರು. ಕಳ್ಳರಂತೆ ಗುರುತು ಕೊಡಲಾರೆವೆಂಬುದು ಕೂಲಿಯ ಮಾತಲ್ಲ, ಮನೆಯುಳ್ಳವನ ಮಾತು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದುವು. 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಆ ಬಳಿಕ ಅದೇ ಸಂಸಾರಗಳು ತಾವು ಹುಟ್ಟಿದ ಮನೆಯ ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಯಿತು. ಒಂದು ಬಾವಿ ತೋಡಿಸಿ ಬಿಟ್ಟುಕೊಟ್ಟವನಿಗೆ ರಸ್ತೆ. ನೂರು ವರ್ಷ ಅಗೆದವರಿಗೆ ಮನೆಯ ಮೇಲೆಯೂ ಸಂಶಯ!

ಇದು ಚಿನ್ನದ ಊರಿನ ಪಾಡು ಮಾತ್ರವಲ್ಲ. ಆನೇಕಲ್ ತಾಲ್ಲೂಕಿನ ನಮ್ಮ ಜಿಗಣಿಯನ್ನೇ ನೋಡಿರಿ. ಗ್ರಾನೈಟ್ ಸೀಳುವ ಕಾರ್ಖಾನೆಗಳಿಗೆ ಬಿಹಾರದಿಂದ, ಒಡಿಶಾದಿಂದ, ನಮ್ಮದೇ ಉತ್ತರದ ಜಿಲ್ಲೆಗಳಿಂದ ಜನ ಬಂದು ತಗಡಿನ ಸೂರಿನಡಿ ಒಲೆ ಹೂಡಿದ್ದಾರೆ. ಅದೇ ಕಲ್ಲು, ಅದೇ ಧೂಳು. ಅವರನ್ನು ನಾವು 'ಹೊರಗಿನವರು' ಎನ್ನುತ್ತೇವೆ. ಲ್ಯಾವೆಲ್ಲೆಯನ್ನು ಮಾತ್ರ 'ನೆಲೆಸಿದವನು' ಎನ್ನುತ್ತೇವೆ. ಅವನು ಬಂದುದಾದರೂ ಇವರಿಗಿಂತ ಬಹುದೂರದಿಂದಲ್ಲವೆ?

ಲ್ಯಾವೆಲ್ಲೆಯ ಹೆಸರನ್ನು ಅಳಿಸಬೇಕೆಂದು ನನ್ನ ವಾದವಲ್ಲ. ಫಲಕ ಬದಲಿಸುವ ಚಪಲ ನಮ್ಮ ಊರಿಗೆ ಈಗಾಗಲೇ ಸಾಕಷ್ಟಿದೆ. ಗಣಿಯ ಊರಿನಲ್ಲಿ ಹಳೆಯ ಕೆಲಸಗಾರರು ಇನ್ನೂ ನಮ್ಮ ನಡುವೆ ಇರುವಾಗಲೇ, ಅವರ ಮನೆತನಗಳ ವೃತ್ತಾಂತವನ್ನು, ಯಾವ ಹಳ್ಳಿಯಿಂದ ಯಾರು ಬಂದರು, ಯಾವ ಬಾವಿಯಲ್ಲಿ ಇಳಿದರು ಎಂಬುದನ್ನು, ಅವರದೇ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಲಿ. ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಕತ್ತಲಿರುವಾಗಲೇ ಮಾರಿಕುಪ್ಪದ ರೈಲು ಹತ್ತಿ, ದಿನದಿನವೂ ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ.