ಹಾವು ಬಿಟ್ಟ ಮಾತ್ರಕ್ಕೆ ಪುಣ್ಯ ಬಾರದು

ಪಂಚಮಿ ಬಂತೆಂದರೆ ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಅಳ್ಳು, ಉಂಡಿ, ಜೋಕಾಲಿಯ ಸಡಗರ. ತವರಿಗೆ ಬಂದ ಹೆಣ್ಣುಮಕ್ಕಳು ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಾರೆ. ಇದೇ ಸಾಂಗಲಿ ಜಿಲ್ಲೆಯ ಪಶ್ಚಿಮ ತುದಿಯಲ್ಲಿರುವ ಬತ್ತೀಸ ಶಿರಾಳಾದ ರೂಢಿ ಬೇರೆಯೇ ಇತ್ತು. ಅಲ್ಲಿ ಹಬ್ಬಕ್ಕೆ ಮೊದಲೇ ಜೀವಂತ ನಾಗರಹಾವು ಹಿಡಿದು, ಗಡಿಗೆಯಲ್ಲಿಟ್ಟು, ಪೂಜಿಸಿ, ಮೆರವಣಿಗೆ ಮಾಡಿ ಆಮೇಲೆ ಬಿಡುತ್ತಿದ್ದರು. 2014ರಲ್ಲಿ ಮುಂಬಯಿ ಹೈಕೋರ್ಟ್ ಇದಕ್ಕೆ ತಡೆ ಹಾಕಿತು. 2025ರ ಪಂಚಮಿಗೆ ಕೇಂದ್ರ ಪರಿಸರ ಸಚಿವಾಲಯ ‘ಶಿಕ್ಷಣ’ದ ಉದ್ದೇಶಕ್ಕೆಂದು, ಷರತ್ತು ಹಾಕಿ, ಕೆಲವೇ ಹಾವು ಹಿಡಿಯಲು ಅನುಮತಿ ಕೊಟ್ಟಿತು. ಹಿಡದೇವಿ, ಪೂಜಾ ಮಾಡಿ ಬಿಟ್ಟೇವಿ, ಅದರಾಗ ತಪ್ಪೇನೈತಿ ಎಂಬ ಹಳೆಯ ವಾದಕ್ಕೆ ಇದರಿಂದ ಬಲ ಬರಬಾರದು.

ಬಿಡುವುದೆಂದರೆ ಗಡಿಗೆಯ ಬಾಯಿ ತೆಗೆಯುವುದಷ್ಟೇ ಅಲ್ಲ. ನಾಗರಹಾವು ಏಪ್ರಿಲ್‌ನಿಂದ ಜುಲೈವರೆಗೆ ಇಲಿಬಿಲ, ಹುತ್ತಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಅಲ್ಲಿತನಕ ತಾಯಿ ಮೊಟ್ಟೆಯ ಹತ್ತಿರವೇ ಇರುತ್ತದೆ. ಹಬ್ಬಕ್ಕೆ ಹಾವು ಹುಡುಕುವುದೂ ಇದೇ ದಿನಗಳಲ್ಲಿ. ತಾಯಿಯನ್ನು ಆಮೇಲೆ ತಂದು ಬಿಟ್ಟರೂ ಕಾವಲಿಲ್ಲದೆ ಹಾಳಾದ ಮೊಟ್ಟೆ ಮರಳಿ ಬರುವುದಿಲ್ಲ.

ಬಿಡುವ ಜಾಗವೂ ಮುಖ್ಯ. ಹಾವಿಗೆ ತನ್ನ ಸೀಮೆಯ ಬಿಲ, ನೀರು, ಅಡಗುದಾಣ ಗೊತ್ತು. ಹೊಸ ಜಾಗದಲ್ಲಿ ಅದು ದಿಕ್ಕು ತಪ್ಪುತ್ತದೆ. ಕರ್ನಾಟಕದ ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದ ಸಂಶೋಧಕರು, ಬೇರೆಡೆ ಒಯ್ದು ಬಿಟ್ಟ ಹಾವು ಸ್ಥಳೀಯ ಹಾವಿಗಿಂತ ಬಹಳ ದೂರ ಅಲೆದದ್ದನ್ನು ದಾಖಲಿಸಿದ್ದಾರೆ. ಹೀಗೆ ಅಲೆಯುವ ಹಾವು ರಸ್ತೆಯಲ್ಲಿ ಗಾಡಿಗೆ ಸಿಗಬಹುದು, ಇಲ್ಲವೇ ಯಾರದೋ ಮನೆ ಹೊಕ್ಕು ಬಡಿಗೆಗೆ ಬಲಿಯಾಗಬಹುದು.

ಊರಿನ ಹಾವನ್ನು ದೂರದ ಗುಡ್ಡಕ್ಕೆ ಬಿಟ್ಟು ಬಂದವರಿಗೆ ಸಮಾಧಾನ. ಆದರೆ ಆ ಗುಡ್ಡದ ಬುಡದಲ್ಲಿ ಕುರಿ ಕಾಯುವ ಹುಡುಗನಿಗಾಗಲಿ, ದಾಳಿಂಬೆ ತೋಟದ ವಸ್ತಿಯಲ್ಲಿ ನೆಲದ ಮೇಲೆ ಮಲಗುವ ಕೂಲಿ ಕುಟುಂಬಕ್ಕಾಗಲಿ ಅದರ ಸುದ್ದಿಯೇ ಇರುವುದಿಲ್ಲ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ಅಧ್ಯಯನವೊಂದರ ಅಂದಾಜು. ಅವರಲ್ಲಿ ಬಹುಪಾಲು ಹಳ್ಳಿಯವರು. ಒಬ್ಬರ ಪುಣ್ಯದ ಲೆಕ್ಕವನ್ನು ಇನ್ನೊಬ್ಬರ ಹೊಲದಲ್ಲಿ ತೀರಿಸುವುದು ಯಾವ ಧರ್ಮ?

ಹಾವಾಡಿಗರ ಬುಟ್ಟಿಯ ಹಾವಿನ ಪಾಡು ಇನ್ನೂ ಕೆಟ್ಟದ್ದು. ಹಲ್ಲು ಕಿತ್ತ, ಬಾಯಿ ಹೊಲಿದ ಹಾವು ಇಲಿ ಹಿಡಿಯಲಾರದು. ಚಿಕಿತ್ಸೆ ಇಲ್ಲದೆ ಅದನ್ನು ಬಿಟ್ಟರೆ ಕಣ್ಮರೆಯಲ್ಲಿ ಕೊಂದಂತೆ. ಪಂಜರದಲ್ಲೇ ಬೆಳೆದ ಗಿಳಿಯನ್ನು ಒಮ್ಮೆಲೇ ಹಾರಿಬಿಡುವುದೂ ಹಾಗೆಯೇ. ಅದಕ್ಕೆ ಕಾಳು ಹುಡುಕಲೂ ಬಾರದು, ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು.

ಹಾಗಂತ ಅಡುಗೆಮನೆಗೆ ಬಂದ ಹಾವನ್ನು ಹಾಗೇ ಬಿಡಿ ಎಂದು ಯಾರೂ ಹೇಳುವುದಿಲ್ಲ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬೇಕು. ಬಲ್ಲ ಸರ್ಪಮಿತ್ರರು ಅದನ್ನು ಹಿಡಿದು, ಗಾಯವಿದೆಯೇ ನೋಡಿ, ತಡಮಾಡದೆ ಹತ್ತಿರದ ತಕ್ಕ ಜಾಗದಲ್ಲೇ ಬಿಟ್ಟು ಇಲಾಖೆಗೆ ತಿಳಿಸಬೇಕು. ಮೊಬೈಲಿನಲ್ಲಿ ವಿಡಿಯೊ ಮಾಡಲು ಎರಡು ದಿನ ಡಬ್ಬಿಯಲ್ಲಿಟ್ಟುಕೊಳ್ಳುವುದು ಸೇವೆಯಲ್ಲ, ಅಪರಾಧ. 2022ರ ತಿದ್ದುಪಡಿಯ ನಂತರ ನಾಗರಹಾವು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಸಂಖ, ಉಮದಿ ಭಾಗದ ಕನ್ನಡ ಶಾಲೆಗಳಲ್ಲಿ ಪಂಚಮಿಗೆ ಮೊದಲು ಈ ತಿಳಿವಳಿಕೆಯನ್ನು ಕನ್ನಡದಲ್ಲೇ ಕೊಡುವ ವ್ಯವಸ್ಥೆಯನ್ನು ಅರಣ್ಯ ಇಲಾಖೆ ಮಾಡಬೇಕು. ಈ ಸೀಮೆಯ ತಾಯಂದಿರು ಮಣ್ಣಿನ ನಾಗಪ್ಪನನ್ನೇ ಪೂಜಿಸುತ್ತ ಬಂದವರು. ಆ ಪೂಜೆಗೆ ಹಾವು ಹಿಡಿಯುವ ಗೋಜೂ ಇಲ್ಲ, ಬಿಡುವ ಗೋಜೂ ಇಲ್ಲ. ಶಿರಾಳಾದವರಿಗೂ ಅದೇ ದಾರಿ ಲೇಸು.